ನೆಟ್ ಝೀರೋ ಅಂದ್ರೆ ಏನು? ಅಡಿಕೆ ಪಟ್ಟಿ ಇಟ್ಕೊಂಡೇ ನೋಡಣ

ಟಿವಿ ಹಾಕಿದ್ರೆ ಸಾಕು, ನೆಟ್ ಝೀರೋ ಅಂತ ಕಿವಿಗೆ ಬೀಳತ್ತೆ. ಕನ್ನಡದಲ್ಲಿ ನಿವ್ವಳ ಶೂನ್ಯ ಅಂತಾರೆ, ಪಂಡಿತರ ಪದ ಅನ್ಸತ್ತೆ, ಆದ್ರೆ ಅಡಿಕೆ ಬೆಳೆಯೋರಿಗೆ ನಿವ್ವಳ ಅನ್ನೋದು ಹೊಸದೇನಲ್ಲ. ಹೋದ ವಾರ ನಮ್ ಭಾವ ಶಿವಮೊಗ್ಗ ಮಂಡಿಯಿಂದ ಪಟ್ಟಿ ತಂದು ಜಗಲಿ ಮೇಲೆ ಹರವ್ಕೊಂಡಿದ್ರು. ಮೇಲೆ ಒಟ್ಟು ತೂಕ, ಚೀಲದ ತೂಕ ಕಳೆದು ನಿವ್ವಳ ಇಷ್ಟು, ಆಮೇಲೆ ರೇಟು, ಹಮಾಲಿ ಅದು ಇದು ಕಳೆದು ಕೈಗೆ ಬರೋದು ಇಷ್ಟು. ನೆಟ್ ಅಂದ್ರೆ ಅದೇ, ಕಳೆಯೋದೆಲ್ಲ ಕಳೆದ್ಮೇಲೆ ಉಳಿಯೋದು.

ಕಾರ್ಬನ್ ಪಟ್ಟಿಲಿ ಒಂದ್ ಕಡೆ ನಾವು ಗಾಳಿಗೆ ಬಿಡೋದು: ಕಲ್ಲಿದ್ದಲು, ಡೀಸೆಲ್, ಸಿಮೆಂಟು, ನೀರು ನಿಂತ ಗದ್ದೆಯ ಮೀಥೇನೂ ಸೇರಿ. ಇನ್ನೊಂದ್ ಕಡೆ ಮರ, ಮಣ್ಣು ಹೀರ್ಕೊಳೋದು. ಎರಡೂ ಸಮ ಆದ್ರೆ ನೆಟ್ ಝೀರೋ. ಹೊಗೆ ಪೂರ್ತಿ ನಿಲ್ಲತ್ತೆ ಅಂತಲ್ಲ, ಜನ ತಪ್ಪು ತಿಳ್ಕೊಳೋದೇ ಇಲ್ಲಿ. ಬ್ರಿಟನ್ 2019ರಲ್ಲೇ ಕಾನೂನು ತಿದ್ದಿ 2050ಕ್ಕೆ ಅಂತ ಬರ್ಕೊಂಡಿದೆ, ನಾವು 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ 2070 ಅಂದ್ವಿ.

ಅದಕ್ಕೂ ಮುಂಚೆ 2015ರಲ್ಲೇ ಭಾರತ ಇನ್ನೊಂದು ಮಾತು ಕೊಟ್ಟಿತ್ತು, 2030ರೊಳಗೆ ಇನ್ನೂ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೀರೋವಷ್ಟು ಕಾಡು, ಮರ ಹೆಚ್ಚಿಸ್ತೀವಿ ಅಂತ. ನಮಗೆ ಬೇಕಾದ ವಿಷಯ ಇದು, ಯಾಕಂದ್ರೆ ಕಾಡು ಅಂದ್ರೆ ಯಾವುದು? ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ಲೆಕ್ಕದಲ್ಲಿ 1 ಹೆಕ್ಟೇರಿಗಿಂತ ಕಮ್ಮಿ ಇಲ್ದೆ, ಮರದ ನೆರಳು ಶೇ. 10ರ ಮೇಲಿದ್ರೆ ಆಯ್ತು, ಯಾರ ಜಾಗ, ಯಾವ ಮರ ಅಂತ ಕೇಳಲ್ಲ. ಭಾವನ ಮೂರೆಕರೆ ಅಡಿಕೆ ತೋಟಾನೂ ಅರಣ್ಯ ಹೊದಿಕೆನೇ. ಹೇಳಿದ್ರೆ ನಕ್ಕು, "ಹಂಗಾದ್ರೆ ನಂಗೂ ಒಂದ್ ಖಾಕಿ ಡ್ರೆಸ್ ಹೊಲ್ಸು ಮಾರಾಯ" ಅಂದ್ರು.

ಅಕೇಶಿಯಾ ನೆಡುತೋಪೂ ಹಂಗೇ. ಒಳಗೆ ಹೋಗಿ ನೋಡಿ, ಒಣಗಿದೆಲೆ ಕಾಲಡಿ ಚರಚರ ಅನ್ನತ್ತೆ, ಬೇಗ ಕೊಳೆಯೋದೂ ಇಲ್ಲ, ದನ ಮೇಯೋಕೆ ಒಂದ್ ಎಸಳು ಹುಲ್ಲು ಸಿಗೋದು ಕಷ್ಟ. ಬೇಗ ಬೆಳೆಯತ್ತೆ, ಕಾರ್ಬನ್ನೂ ಹೀರತ್ತೆ, ಸುಳ್ಳಲ್ಲ, ಆದ್ರೆ ಕಡಿದು ಪಲ್ಪು ಮಾಡಿ ಕಾಗದ ಆಗಿ ಆ ಕಾಗದ ಯಾವ್ದೋ ಕಸದಲ್ಲಿ ಸುಟ್ರೆ ಹೀರಿದ್ದೆಲ್ಲ ವಾಪಸ್ ಗಾಳಿಗೇ. ಇತ್ಲಾಗೆ ಜೋಗ ದಾಟಿ ಹೊನ್ನಾವರ ದಾರಿಲಿ ಕತ್ತಲೆಕಾನು ಅನ್ನೋ ಜೌಗು ಕಾಡು ಇದೆ, ಅಲ್ಲಿ ರಾಮಪತ್ರೆ ಜಾತಿ ಮರಗಳ ಬೇರು ಕೆಸರಿಂದ ಮೊಣಕಾಲು ಮಡಚಿದಂಗೆ ಮೇಲೆದ್ದಿರತ್ತೆ. ಸ್ಯಾಟಲೈಟ್‌ಗೆ ಎರಡೂ ಹಸಿರೇ.

ಇನ್ನೊಂದು ಪೇಚು ಶರಾವತಿ ಪಂಪ್ಡ್ ಸ್ಟೋರೇಜು, 2000 ಮೆಗಾವ್ಯಾಟಿಂದು. ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪೆ ಡ್ಯಾಮಿನ ನೀರನ್ನ ಮೇಲಿನ ತಲಕಳಲೆ ಡ್ಯಾಮಿಗೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು. ಸೋಲಾರ್ ಹೆಚ್ಚಾದಂಗೆ ಇಂಥದ್ದು ಬೇಕೇ ಬೇಕು, ಒಪ್ತೀನಿ. ಆದ್ರೆ ಜಾಗ ಸಿಂಗಳೀಕದ ಅಭಯಾರಣ್ಯ. ಭಾವ ಪಟ್ಟಿ ಮಡಚ್ತಾ, "ಸಿಂಗಳೀಕನ್ನ ಯಾವ ಸಾಲಲ್ಲಿ ಬರೀತಾರೋ?" ಅಂದ್ರು. ಈ ಪಟ್ಟಿಲಿ ಬರೆಯಲ್ಲ ಭಾವ, ಅದಕ್ಕೆ 2022ರ ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದ ಬೇರೆ ಇದೆ, ಹಾಳಾದ ನೆಲ-ನೀರಲ್ಲಿ ಶೇ. 30ರಷ್ಟನ್ನಾದ್ರೂ 2030ರೊಳಗೆ ಸರಿ ಮಾಡೋ ಕೆಲಸ ನಡೀತಿರ್ಬೇಕು ಅಂತ, ಅಂದೆ. "ಅಂದ್ರೆ ಪಟ್ಟಿ ಎರಡು, ಕಾಡು ಒಂದೇ" ಅಂತ ಹೇಳಿ ಕಾಫಿ ಕುಡಿಯೋಕೆ ಒಳಗೆ ಹೋದ್ರು.