ಒಂದು ಮೀನು, ಒಂದು ಅಕ್ಷರ: ಮೈಬಣ್ಣದ ಮೂಲ ಹುಡುಕಿದ ಬಗೆ

ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು ಎಂದು ಒಂದೇ ತಾಯಿಯ ಮಕ್ಕಳನ್ನೂ ನಾವು ಬೇರೆಬೇರೆಯಾಗಿ ಗುರುತಿಸುತ್ತೇವೆ. ಆದರೆ ಅವರ ಚರ್ಮದಲ್ಲಿ ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಸ್ವೀಡನ್ನಿನವರನ್ನೂ ಸುಡಾನಿನವರನ್ನೂ ಅಕ್ಕಪಕ್ಕ ನಿಲ್ಲಿಸಿದರೂ ಹಾಗೆಯೇ. ವ್ಯತ್ಯಾಸವಿರುವುದು ಆ ಕೋಶಗಳು ಮೆಲನಿನ್ ಎಂಬ ಬಣ್ಣದ ವಸ್ತು ತುಂಬಿ ಕಳಿಸುವ ಮೆಲನೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ. ಒಂದು ಮೆಲನೋಸೈಟ್ ಸುಮಾರು 36 ನೆರೆಕೋಶಗಳಿಗೆ ಇವನ್ನು ಹಂಚುತ್ತದೆ. ಕಪ್ಪು ಚರ್ಮದಲ್ಲಿ ಅವು ದೊಡ್ಡವು; ಬಿಡಿಬಿಡಿಯಾಗಿ ಹರಡಿ ಮೇಲ್ಪದರದವರೆಗೂ ಉಳಿಯುತ್ತವೆ. ತಿಳಿಬಣ್ಣದಲ್ಲಿ ಸಣ್ಣವು, ಗುಂಪುಗೂಡಿ, ಬೇಗ ಕರಗಿಹೋಗುತ್ತವೆ.

ಬಿಸಿಲಿಗೂ ಬಣ್ಣಕ್ಕೂ ನಂಟಿದೆ ಎಂಬುದು ಹಳೆಯ ಮಾತು. ಚರ್ಮದ ಕ್ಯಾನ್ಸರ್ ತಡೆಯಲೆಂದೇ ಕಪ್ಪು ಬಂತು ಎಂಬ ವಿವರಣೆ ಮಾತ್ರ ಸಾಲದು. ಅದು ಸಾಮಾನ್ಯವಾಗಿ ಕಾಡುವುದು ಮಕ್ಕಳಾದ ಮೇಲೆ. ಸಂತತಿಯ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. 1978ರಲ್ಲಿ ವಿಜ್ಞಾನಿಗಳಾದ ಬ್ರಾಂಡಾ ಮತ್ತು ಈಟನ್ ರಕ್ತದ ಪ್ಲಾಸ್ಮಾವನ್ನು ಬಿಸಿಲಿನಂಥ ಬೆಳಕಿಗೆ ಒಡ್ಡಿದಾಗ ಅದರಲ್ಲಿದ್ದ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಒಡೆದುಹೋಯಿತು. ಬಸುರಿಯಲ್ಲಿ ಫೋಲೇಟ್ ಸಾಲದಿದ್ದರೆ ಮಗುವಿನ ಬೆನ್ನುಹುರಿಯ ನಾಳ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದು. ಇನ್ನೊಂದು ಕಡೆ, ಬಿಸಿಲು ಕಡಿಮೆಯಿರುವ ನಾಡಿನಲ್ಲಿ ಕಪ್ಪು ಚರ್ಮಕ್ಕೆ ವಿಟಮಿನ್ ಡಿ ಸಾಕಷ್ಟು ತಯಾರಾಗುವುದಿಲ್ಲ. ಈ ಎರಡು ಎಳೆಗಳನ್ನೂ 2000ದಲ್ಲಿ ಸಂಶೋಧಕರಾದ ನೀನಾ ಜಬ್ಲಾನ್ಸ್ಕಿ, ಜಾರ್ಜ್ ಚಾಪ್ಲಿನ್ ಒಟ್ಟಿಗೆ ಹೆಣೆದರು.

ಮೈಬಣ್ಣದ ವ್ಯತ್ಯಾಸಕ್ಕೆ ಕಾರಣವಾದ ಒಂದು ಮುಖ್ಯ ಜೀನ್ ಸಿಕ್ಕಿದ್ದು 2005ರಲ್ಲಿ, ಅದೂ ಜೀಬ್ರಾ ಮೀನಿನಲ್ಲಿ. ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಕೀತ್ ಚೆಂಗ್ ತಂಡ ಪಟ್ಟೆ ಮಾಸಿದ ‘ಗೋಲ್ಡನ್’ ತಳಿಯ ಬೆನ್ನುಹತ್ತಿತ್ತು. ಕೆಟ್ಟಿದ್ದ ಜೀನ್‌ನ ಮನುಷ್ಯ ರೂಪವಾದ ಎಸ್‌ಎಲ್‌ಸಿ24ಎ5ನ ಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ನಕಲು ಪ್ರತಿ) ಮೀನಿನ ಭ್ರೂಣಕ್ಕೆ ಚುಚ್ಚಿದಾಗ ಕಪ್ಪು ಮರಳಿತು! ಯುರೋಪಿನವರಲ್ಲಿ ಈ ಜೀನ್‌ನ ಡಿಎನ್‌ಎ ಬರಹದಲ್ಲಿ ಒಂದು ಅಕ್ಷರ ‘ಜಿ’ ಬದಲು ‘ಎ’ ಆಗಿದೆ. ಪರಿಣಾಮವಾಗಿ ಪ್ರೋಟೀನಿನ 111ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೋನಿನ್ ಬಂದಿದೆ, ಮೈಬಣ್ಣ ತಿಳಿಯಾಗಿದೆ. ಚೀನಾ, ಜಪಾನಿನವರ ತಿಳಿಬಣ್ಣಕ್ಕೆ ಇದು ಕಾರಣವಲ್ಲ. ಅವರಲ್ಲಿ ಹಳೆಯ ‘ಜಿ’ಯೇ ಉಳಿದಿದೆ.

ನಮಗೆ ಹತ್ತಿರದ ಭಾಗ ಮುಂದಿನದು. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳೂ ಇದ್ದ ತಂಡ ದಕ್ಷಿಣ ಭಾರತದ 1228 ಜನರ ಮೈಬಣ್ಣ ಅಳೆಯಿತು. ಇಂಥ ಅಳತೆಗೆ ಮೇಲ್ತೋಳಿನ ಒಳಭಾಗವೇ ಸರಿ. ಹಣೆ, ಮುಂಗೈಯಲ್ಲಿ ಅಳೆದರೆ ಬಿಸಿಲಿನ ಕಪ್ಪು ಸೇರಿ ಲೆಕ್ಕ ಕೆಡುತ್ತದೆ. ಅವರಲ್ಲಿ ಕಂಡ ಬಣ್ಣದ ವ್ಯತ್ಯಾಸದ ಸುಮಾರು 27% ಈ ಒಂದೇ ಅಕ್ಷರದ್ದು. ಭಾರತ ಉಪಖಂಡದ 54 ಸಮುದಾಯಗಳನ್ನು ಜಾಲಾಡಿದಾಗ ‘ಎ’ ಎಲ್ಲೆಡೆ ಹರಡಿತ್ತು, ಪ್ರಮಾಣ ಮಾತ್ರ ಬೇರೆಬೇರೆ. ಯುರೋಪಿನ ‘ಎ’, ನಮ್ಮ ‘ಎ’ ಎರಡೂ ಒಂದೇ ಬೇರಿನವು. ಅದರ ವಯಸ್ಸು 22ರಿಂದ 28 ಸಾವಿರ ವರ್ಷ. ಬಿಳಿಯರದೊಂದು, ನಮ್ಮದೊಂದು ಎಂದು ಬೇಲಿ ಹಾಕುವವರಿಗೆ ಇಲ್ಲಿ ಆಧಾರವಿಲ್ಲ.

ಈ ಜೀನ್‌ನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ತಂದೆಯಲ್ಲೂ ತಾಯಿಯಲ್ಲೂ ಒಂದೊಂದು ‘ಎ’, ಒಂದೊಂದು ‘ಜಿ’ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಎರಡು ‘ಎ’ ಸಿಗುವ ಸಾಧ್ಯತೆ ಕಾಲು ಭಾಗ, ಎರಡು ‘ಜಿ’ ಸಿಗುವುದೂ ಕಾಲು, ಒಂದೊಂದು ಸಿಗುವುದು ಅರ್ಧ. ಬಣ್ಣಕ್ಕೆ ಕೈಜೋಡಿಸುವ ಬೇರೆ ಜೀನ್‌ಗಳೂ ಹೀಗೆಯೇ ಹಂಚಿಹೋಗುತ್ತವೆ. ಅಕ್ಕ ಕೆಂಪಗೆ, ತಮ್ಮ ಕಪ್ಪಗೆ ಹುಟ್ಟುವುದು ಹೀಗೆ. ಬಸುರಿ ಕುಡಿದ ಕೇಸರಿ ಹಾಲಿಗೂ ಇದಕ್ಕೂ ಸಂಬಂಧವಿಲ್ಲ.