ಬಂದರಿನಲ್ಲಿ ತೆರಿಗೆ, ಮನೆಯೊಳಗೇ ಸಾಲ: ಬಾರ್ಬಡೋಸ್ ಟಿಪ್ಪಣಿ

ಬಾರ್ಬಡೋಸ್ ಅಂದ ತಕ್ಷಣ ನಮಗೆ ನೆನಪಾಗುವುದು 2024ರ ಜೂನ್ 29ರ ರಾತ್ರಿ. ಅದರ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ನಮ್ಮ ಶಾಂತಮೂರ್ತಿ ದ್ರಾವಿಡ್ ಕಪ್ ಹಿಡಿದು ಕಿರುಚಿದ್ದನ್ನು ಮರೆಯಲು ಆಗುತ್ತದಾ? ಆಮೇಲೆ ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು, ತಂಡ ಅಲ್ಲೇ ಸಿಕ್ಕಿಕೊಂಡಿತು. ಈ ಚಂಡಮಾರುತದ ವಿಷಯ ನೆನಪಿಟ್ಟುಕೊಳ್ಳಿ, ಸಾಲದ ಪತ್ರದಲ್ಲಿ ಮತ್ತೆ ಬರುತ್ತದೆ.

ಸಾರ್ವಜನಿಕ ಹಣಕಾಸು ಓದುವವರಿಗೆ ಈ ಕೆರಿಬಿಯನ್ ದ್ವೀಪ ಒಳ್ಳೆಯ ಪ್ರಯೋಗಶಾಲೆ. ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ಮಹಾನಗರಕ್ಕಿಂತ ಚಿಕ್ಕದು. ಜನಸಂಖ್ಯೆ ಸುಮಾರು 2.8 ಲಕ್ಷ, ಶಿವಮೊಗ್ಗ ನಗರದಷ್ಟೂ ಇಲ್ಲ. ದೇಶ ಇಷ್ಟು ಸಣ್ಣದಾದಾಗ ಒಂದು ಅನುಕೂಲವಿದೆ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎನ್ನುವುದು ಕಣ್ಣಿಗೆ ಕಾಣುತ್ತದೆ. ಭಾರತದ ಬಜೆಟ್‌ನಲ್ಲಿ ಇದೇ ಕೆಲಸ ಮಾಡಲು ಹೋದರೆ ತಲೆ ತಿರುಗುತ್ತದೆ.

ಈ ಪಾಠದಲ್ಲಿ ನಾನು ಮೊದಲು ಮಾಡಿಕೊಂಡ ತಪ್ಪನ್ನು ಹೇಳಿಬಿಡುತ್ತೇನೆ. 2018ರಲ್ಲಿ ಬಾರ್ಬಡೋಸ್ ಸಾಲ ತೀರಿಸಲಾಗದೆ ಕೈ ಎತ್ತಿತು ಎಂದು ಓದಿದಾಗ, ಯಾರೋ ವಿದೇಶಿ ಬ್ಯಾಂಕುಗಳು ಬಡ ದ್ವೀಪವನ್ನು ಹಿಂಡಿದವು ಅಂದುಕೊಂಡಿದ್ದೆ. ವಿದೇಶಿ ಸಾಲವೂ ಇತ್ತು, ನಿಜ. ಆದರೆ ದೊಡ್ಡ ಪಾಲು ದೇಶದೊಳಗಿನ ಸಾಲ. ಅಲ್ಲಿನ ಬ್ಯಾಂಕು, ವಿಮಾ ಕಂಪನಿ, ಕೇಂದ್ರ ಬ್ಯಾಂಕು, ಜನರ ಪಿಂಚಣಿ ನಿಧಿ, ಉಳಿತಾಯ ಮಾಡಿದ ಸಾಮಾನ್ಯರು ಇವರೆಲ್ಲ ಸರ್ಕಾರಕ್ಕೆ ಸಾಲ ಕೊಟ್ಟವರು. ತೆರಿಗೆ ಕಟ್ಟುವವರೂ ಅವರೇ. ಬಸ್ಸು ಬಾರದೆ ಬಿಸಿಲಲ್ಲಿ ನಿಂತವರೂ ಅವರೇ. ಇಷ್ಟು ಹಿಡಿದುಕೊಂಡರೆ ಉಳಿದದ್ದು ಸಲೀಸು.

ಎರಡಕ್ಕೆ ಒಂದು

ಬಾರ್ಬಡೋಸ್ ಡಾಲರ್ 1975ರಿಂದ ಅಮೆರಿಕನ್ ಡಾಲರ್‌ಗೆ ಕಟ್ಟಿಕೊಂಡಿದೆ. ಅವರ 2 ಡಾಲರ್ ಕೊಟ್ಟರೆ 1 ಅಮೆರಿಕನ್ ಡಾಲರ್. ಅಂದಿನಿಂದ ಇದು ಬದಲಾಗಿಲ್ಲ. ಈ ದರ ಅಲ್ಲಿನವರಿಗೆ ಮಾನದ ಪ್ರಶ್ನೆ. 1991ರ ಬಿಕ್ಕಟ್ಟಿನಲ್ಲಿ ಹಣದ ಬೆಲೆ ಇಳಿಸುವ ಬದಲು ಸರ್ಕಾರಿ ಸಂಬಳವನ್ನೇ ಶೇ 8ರಷ್ಟು ಕಡಿದರು. ಪ್ರಧಾನಿ ಅರ್ಸ್‌ಕಿನ್ ಸ್ಯಾಂಡಿಫೋರ್ಡ್ 1994ರಲ್ಲಿ ಅವಿಶ್ವಾಸ ಮತದಲ್ಲಿ ಸೋತರು. ದರ ಮಾತ್ರ ಉಳಿಯಿತು.

ಈಗ ಇದರ ಒಳಗುಟ್ಟು ನೋಡೋಣ. ಸರ್ಕಾರಕ್ಕೆ ಸಂಬಳ ಕೊಡಲು ದುಡ್ಡಿಲ್ಲ ಅಂದುಕೊಳ್ಳಿ. ಕೇಂದ್ರ ಬ್ಯಾಂಕಿಗೆ ಹೇಳಿ ಹಣ ಪಡೆಯುತ್ತದೆ. ನೌಕರರು ಸಂಬಳ ಹಿಡಿದು ಅಂಗಡಿಗೆ ಹೋಗುತ್ತಾರೆ. ಅಂಗಡಿಯಲ್ಲಿರುವ ಫ್ರಿಡ್ಜು, ಟೈರು, ಹಾಲಿನ ಪುಡಿ ಎಲ್ಲ ಬಂದಿದ್ದು ಹಡಗಿನಲ್ಲಿ. ಹಳೆಯ ಕಬ್ಬಿನ ದ್ವೀಪ ಅದು. ಈಗ ಪ್ರವಾಸೋದ್ಯಮ ಮತ್ತು ವಿದೇಶಿ ಕಂಪನಿಗಳ ನೋಂದಣಿಯ ಮೇಲೆ ನಿಂತಿದೆ. ಮನೆಬಳಕೆಯ ಬಹುಪಾಲು ಸಾಮಾನು ಹೊರಗಿನದು. ಅಂಗಡಿಯವರು ಮತ್ತೆ ಮಾಲು ತರಿಸಬೇಕು, ಅದಕ್ಕೆ ಅಮೆರಿಕನ್ ಡಾಲರ್ ಬೇಕು, ಅದನ್ನು ಎರಡಕ್ಕೆ ಒಂದರಂತೆ ಕೊಡುತ್ತೇನೆ ಎಂದು ಕೇಂದ್ರ ಬ್ಯಾಂಕು ಮಾತು ಕೊಟ್ಟಿದೆ. ಹೀಗೆ ಸರ್ಕಾರ ಇತ್ತ ನೋಟು ಸೃಷ್ಟಿಸಿದರೆ ಅತ್ತ ವಿದೇಶಿ ವಿನಿಮಯ ಮೀಸಲು ಸೋರುತ್ತದೆ. ದೊಡ್ಡ ದೇಶದಲ್ಲಿ ನೋಟು ಜಾಸ್ತಿಯಾದರೆ ಬೆಲೆ ಏರುತ್ತದೆ ಎಂದು ಓದಿರುತ್ತೇವೆ. ದರ ಕಟ್ಟಿಕೊಂಡ ಪುಟ್ಟ ದ್ವೀಪದಲ್ಲಿ ಅದು ಮೊದಲು ಕಾಣುವುದು ಡಾಲರ್ ಪೆಟ್ಟಿಗೆಯಲ್ಲಿ.

ಖರ್ಚೂ ಮಾಡಬೇಕು, ದರವೂ ಉಳಿಯಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಈ ಜಗ್ಗಾಟದಲ್ಲೇ 2017ರ ಫೆಬ್ರುವರಿಯಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಡಿಲೈಲ್ ವೊರೆಲ್ ಅವರನ್ನು ಹಣಕಾಸು ಸಚಿವ ಕ್ರಿಸ್ ಸಿಂಕ್ಲರ್ ಮನೆಗೆ ಕಳಿಸಿದರು.

ತೆರಿಗೆಗಳ ಮೆರವಣಿಗೆ

2008ರ ಜಾಗತಿಕ ಕುಸಿತದ ನಂತರ ಪ್ರವಾಸಿಗರು ಕಡಿಮೆಯಾದರು, ಸರ್ಕಾರದ ಆದಾಯ ಇಳಿಯಿತು, ಖರ್ಚು ಇಳಿಯಲಿಲ್ಲ. ಆಗ ಅಧಿಕಾರದಲ್ಲಿದ್ದದ್ದು ಡೆಮಾಕ್ರಟಿಕ್ ಲೇಬರ್ ಪಾರ್ಟಿ. ಪ್ರಧಾನಿ ಡೇವಿಡ್ ಥಾಮ್ಸನ್ 2010ರಲ್ಲಿ ತೀರಿಕೊಂಡರು, ಫ್ರುಂಡೆಲ್ ಸ್ಟುವರ್ಟ್ ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವ್ಯಾಟ್ (ಕೊಳ್ಳುವ ಸಾಮಾನಿನ ಮೇಲಿನ ಮೌಲ್ಯವರ್ಧಿತ ತೆರಿಗೆ) ಶೇ 15ರಿಂದ 17.5ಕ್ಕೆ ಏರಿತು.

2013ರ ಫೆಬ್ರುವರಿ ಚುನಾವಣೆಯಲ್ಲಿ ಅವರದೇ ಪಕ್ಷ 16–14ರ ಅಂತರದಲ್ಲಿ ಗೆದ್ದಿತು. ಪ್ರಚಾರದಲ್ಲಿ ಸರ್ಕಾರಿ ನೌಕರರನ್ನು ಕೈಬಿಡುವುದಿಲ್ಲ ಎಂದಿದ್ದರು. ಡಿಸೆಂಬರ್ ಹೊತ್ತಿಗೆ ಸುಮಾರು 3,000 ನೌಕರರನ್ನು ತೆಗೆಯುವ ಘೋಷಣೆ ಬಂತು. ಜಾಸ್ತಿ ಸಂಬಳದವರ ಮೇಲೆ ಹೊಸ ತೆರಿಗೆ ಬಂತು. 2014ರಲ್ಲಿ ನಿವೇಶನದ ಬೆಲೆಯ ಮೇಲೆ ಕಸದ ತೆರಿಗೆ ಬಂತು. ಜನ ಎಷ್ಟು ಸಿಟ್ಟಾದರೆಂದರೆ ಅದನ್ನು ಮುಂದೆ ಬಿಡಬೇಕಾಯಿತು. ಅದೇ ವರ್ಷದಿಂದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಓದುವ ಬಾರ್ಬಡೋಸ್ ವಿದ್ಯಾರ್ಥಿಗಳು ಶುಲ್ಕದ ಒಂದು ಭಾಗ ಕಟ್ಟಬೇಕಾಯಿತು. ಅಲ್ಲಿಯವರೆಗೆ ಅದನ್ನು ಸರ್ಕಾರವೇ ಕಟ್ಟುತ್ತಿತ್ತು. ಉಚಿತ ಶಿಕ್ಷಣವನ್ನು ಸ್ವಾತಂತ್ರ್ಯದ ಫಲ ಎಂದು ನಂಬಿದ್ದ ದೇಶದಲ್ಲಿ ಈ ಶುಲ್ಕ ತೆರಿಗೆಗಿಂತ ಜಾಸ್ತಿ ಉರಿಸಿರಬೇಕು.

ಪರೀಕ್ಷೆಗೆ ಓದುವವರು ನಿಧಾನಿಸಬೇಕಾದ್ದು ಮುಂದಿನ ತೆರಿಗೆಯ ಮೇಲೆ. ಹೆಸರು ‘ರಾಷ್ಟ್ರೀಯ ಸಾಮಾಜಿಕ ಹೊಣೆಗಾರಿಕೆ ಲೆವಿ’. ಹೆಸರು ಉದ್ದವಾದಷ್ಟೂ ಜೇಬಿಗೆ ಭಾರ ಅನ್ನುವುದು ನನ್ನ ಸ್ವಂತ ಸಿದ್ಧಾಂತ. 2016ರ ಸೆಪ್ಟೆಂಬರ್‌ನಲ್ಲಿ ಶೇ 2ರಿಂದ ಶುರುವಾಯಿತು. ಆಮದು ಸಾಮಾನಿನ ಮೇಲೂ ದೇಶದಲ್ಲಿ ತಯಾರಾದ ಸಾಮಾನಿನ ಮೇಲೂ ಬೀಳುತ್ತಿತ್ತು. 2017ರ ಜುಲೈ 1ರಿಂದ ಒಂದೇ ಜಿಗಿತಕ್ಕೆ ಶೇ 10.

ಲೆಕ್ಕ ಮಾಡಿ ನೋಡೋಣ. ಬಂದರಿಗೆ 100 ಡಾಲರಿನ ಸಾಮಾನು ಬಂತು. ಕಸ್ಟಮ್ಸ್ ಸುಂಕ ಸದ್ಯ ಬಿಡಿ. ಲೆವಿ ಇಲ್ಲದಿದ್ದರೆ ಶೇ 17.5 ವ್ಯಾಟ್ ಸೇರಿ 117.50. ಲೆವಿ ಇದ್ದರೆ ಮೊದಲು 110 ಆಗುತ್ತದೆ, ವ್ಯಾಟ್ ಬೀಳುವುದು ಆ 110ರ ಮೇಲೆ, ಅಂದರೆ 19.25. ಒಟ್ಟು 129.25. ಲೆವಿ 10, ಏರಿದ್ದು 11.75. ತೆರಿಗೆಯ ಮೇಲೆ ತೆರಿಗೆ ಅನ್ನುವುದು ಇದಕ್ಕೇ. ಅಂಗಡಿಯವರು ತಮ್ಮ ಲಾಭವನ್ನೂ ಶೇಕಡಾವಾರು ಲೆಕ್ಕದಲ್ಲಿ ಸೇರಿಸಿದರೆ ಇನ್ನೂ ಏರುತ್ತದೆ.

ಸಿಂಕ್ಲರ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಸುಮ್ನೆ ಜನರನ್ನು ಕಾಡಲು ಇದನ್ನು ತಂದದ್ದಲ್ಲ. ಸಾಮಾನು ದುಬಾರಿಯಾದರೆ ಜನ ಕಡಿಮೆ ಕೊಳ್ಳುತ್ತಾರೆ, ಆಮದು ಇಳಿಯುತ್ತದೆ, ಡಾಲರ್ ಉಳಿಯುತ್ತದೆ. ಜೊತೆಗೆ ಖಜಾನೆಯೂ ತುಂಬುತ್ತದೆ. ಕಾಗದದ ಮೇಲೆ ಒಂದೇ ಕಲ್ಲಿಗೆ ಎರಡು ಹಕ್ಕಿ. ಆದರೆ ಎರಡು ಹಕ್ಕಿಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹಾರುತ್ತವೆ. ಆಮದು ನಿಜವಾಗಿ ಇಳಿದರೆ ತೆರಿಗೆ ಹುಟ್ಟುವುದಿಲ್ಲ. ತೆರಿಗೆ ಚೆನ್ನಾಗಿ ಹುಟ್ಟಿದರೆ ಆಮದು ಇಳಿದಿಲ್ಲ ಎಂದೇ ಅರ್ಥ. ಪರೋಕ್ಷ ತೆರಿಗೆಯ ಈ ಒಳಜಗಳವನ್ನು ಉತ್ತರ ಪತ್ರಿಕೆಯಲ್ಲಿ ಬರೆದರೆ ಅಂಕ ಖಂಡಿತ.

2017ರ ಜುಲೈ 24ರಂದು ಬ್ರಿಜ್‌ಟೌನ್‌ನಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಸಂಘಟಕರ ಅಂದಾಜಿನಲ್ಲಿ ಸುಮಾರು 20,000 ಜನ. 2.8 ಲಕ್ಷ ಜನರ ದೇಶದಲ್ಲಿ! ಕಾರ್ಮಿಕ ಸಂಘಗಳ ಜೊತೆ ಮಾಲೀಕರ ಸಂಘವೂ ಬೀದಿಗಿಳಿದದ್ದು ವಿಶೇಷ. ಸಂಬಳ ಕೊಡುವವರು ಮತ್ತು ತಗೊಳ್ಳುವವರು ಒಂದೇ ಬೀದಿಯಲ್ಲಿ ನಡೆಯುವುದು ದಿನಾ ಕಾಣುವ ದೃಶ್ಯವಲ್ಲ, ಅಲ್ವಾ?

ಬೀದಿಗೆ ಬಂದ ಚರಂಡಿ

ತೆರಿಗೆ ಜಾಸ್ತಿ ಅನ್ನುವುದಷ್ಟೇ ಸಿಟ್ಟಿಗೆ ಕಾರಣ ಎಂದು ಬರೆದರೆ ಉತ್ತರ ಅರ್ಧ. ಜಾಸ್ತಿ ತೆರಿಗೆ ಕಟ್ಟಿ ನೆಮ್ಮದಿಯಾಗಿರುವ ದೇಶಗಳು ಬೇಕಾದಷ್ಟಿವೆ. ಬಾರ್ಬಡೋಸ್‌ನಲ್ಲಿ ಕಟ್ಟುವುದು ಏರುತ್ತಾ ಹೋಯಿತು, ಸಿಗುವುದು ಇಳಿಯುತ್ತಾ ಹೋಯಿತು. ಬಸ್ಸುಗಳು ಕೆಟ್ಟು ನಿಂತವು. ಕಸ ಸರಿಯಾಗಿ ಎತ್ತಲಿಲ್ಲ. ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್, ವರ್ದಿಂಗ್ ಕಡೆ ಒಳಚರಂಡಿ ಉಕ್ಕಿ ರಸ್ತೆಗೆ ಬಂತು. ಅದು ಹೋಟೆಲುಗಳ ಸಾಲು, ಡಾಲರ್ ತರುವ ಪ್ರವಾಸಿಗರು ಓಡಾಡುವ ಜಾಗ. ಬಡ್ಡಿ ಕಟ್ಟಲು ರಿಪೇರಿ ಖರ್ಚು ಉಳಿಸಿದರೆ ಆದಾಯದ ಬುಡಕ್ಕೇ ಕೊಳಚೆ ನೀರು ನುಗ್ಗಿತು.

ಇಷ್ಟರಲ್ಲಿ 2018ರ ಮಾರ್ಚ್‌ನಲ್ಲಿ ಸಂಸತ್ತಿನ ಐದು ವರ್ಷ ಮುಗಿದು ಅದು ತಾನಾಗಿ ವಿಸರ್ಜನೆಯಾಯಿತು. ಸ್ಟುವರ್ಟ್ ಅಲ್ಲಿಯವರೆಗೂ ಚುನಾವಣೆ ದಿನಾಂಕ ಹೇಳಿರಲಿಲ್ಲ. ಕೊನೆಗೆ ಮೇ 24ಕ್ಕೆ ಮತದಾನ. ಬಾರ್ಬಡೋಸ್ ಲೇಬರ್ ಪಾರ್ಟಿ 30ಕ್ಕೆ 30 ಗೆದ್ದಿತು. ಪ್ರಧಾನಿ ತಮ್ಮ ಸೀಟನ್ನೂ ಕಳೆದುಕೊಂಡರು. ಮಿಯಾ ಮಾಟ್ಲಿ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಗಮನಿಸಿ, ಸೋತವರಿಗೂ ಐದರಲ್ಲಿ ಒಂದಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ನಮ್ಮಲ್ಲಿರುವಂತೆ ಕ್ಷೇತ್ರಕ್ಕೊಬ್ಬ ಗೆಲ್ಲುವ ಪದ್ಧತಿಯಲ್ಲಿ ಆ ಮತಗಳಿಗೆ ಒಂದು ಸೀಟೂ ಸಿಗಲಿಲ್ಲ. ಆಮೇಲೆ ಗೆದ್ದ ಪಕ್ಷದಿಂದಲೇ ಒಬ್ಬರು ಹೊರಬಂದು ವಿರೋಧ ಪಕ್ಷದ ನಾಯಕರಾದರು!

ಸಾಲದ ಗಣಿತ

2018ರ ಜೂನ್ 1. ಮಾಟ್ಲಿ ಅಧಿಕಾರಕ್ಕೆ ಬಂದು ಒಂದು ವಾರ. ಸಾಲ ಕೊಟ್ಟ ವಿದೇಶಿ ಖಾಸಗಿಯವರಿಗೆ ಕಂತು ನಿಲ್ಲಿಸುತ್ತೇವೆ, ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಬಳಿ ಹೋಗುತ್ತೇವೆ ಎಂದು ಘೋಷಿಸಿದರು. ಮೀಸಲು ಸುಮಾರು 22 ಕೋಟಿ ಅಮೆರಿಕನ್ ಡಾಲರ್‌ಗೆ ಇಳಿದಿತ್ತು, ಕೆಲವು ವಾರಗಳ ಆಮದಿಗಷ್ಟೇ ಸಾಕು. ಸಾಲ ಜಿಡಿಪಿಯ ಸುಮಾರು ಶೇ 158. ಬಾಕಿ ಬಿಲ್ಲುಗಳನ್ನು ಸೇರಿಸಿದ ಹೊಸ ಸರ್ಕಾರದ ಲೆಕ್ಕ ಇನ್ನೂ ಮೇಲಿತ್ತು. ಬೇರೆ ಬೇರೆ ಕಡೆ ಬೇರೆ ಅಂಕಿ ಕಂಡರೆ ಗಾಬರಿಯಾಗಬೇಡಿ. ಜಿಡಿಪಿ ಲೆಕ್ಕ ಪರಿಷ್ಕರಣೆಯಾದರೂ ಈ ಶೇಕಡಾ ಬದಲಾಗುತ್ತದೆ.

158 ಅಂದರೆ ಎಷ್ಟು ಕಷ್ಟ? ಮಾದರಿ ಲೆಕ್ಕ ಹಾಕೋಣ, ಬಡ್ಡಿ ಮತ್ತು ಬೆಳವಣಿಗೆಯ ಅಂಕಿ ನಾನು ಊಹಿಸಿಕೊಂಡದ್ದು. ದೇಶದ ಆದಾಯ, ಅಂದರೆ ಜಿಡಿಪಿ, 100, ಸಾಲ 158, ಬಡ್ಡಿ ಶೇ 5, ಬೆಳವಣಿಗೆ ಶೇ 1. ವರ್ಷದ ಕೊನೆಗೆ ಸಾಲ 165.9, ಆದಾಯ 101. ಸಾಲದ ಪ್ರಮಾಣ 158ರಲ್ಲೇ ನಿಲ್ಲಬೇಕಾದರೆ ಸಾಲ 159.6 ಇರಬೇಕು. ವ್ಯತ್ಯಾಸ 6.3. ಅಂದರೆ ಸಾಲ ಇಳಿಸುವುದು ಹಾಗಿರಲಿ, ನಿಂತಲ್ಲಿ ನಿಲ್ಲಲು ಕೂಡ ಬಡ್ಡಿ ಬಿಟ್ಟು ಉಳಿದ ಲೆಕ್ಕದಲ್ಲಿ ಶೇ 6ಕ್ಕಿಂತ ಜಾಸ್ತಿ ಉಳಿಸಬೇಕು. ಇದಕ್ಕೇ ಪ್ರಾಥಮಿಕ ಹೆಚ್ಚುವರಿ ಎನ್ನುವುದು. ಹಳೆಯ ಸರ್ಕಾರ ಓಡುತ್ತಾ ಇದ್ದದ್ದು ಇಂಥ ದಾರಿಯಲ್ಲಿ. ತೆರಿಗೆ ಎಷ್ಟು ಏರಿಸಿದರೂ ಸಾಲದ ಗೆರೆ ಇಳಿಯಲಿಲ್ಲ.

ಈಗ ಸಾಲ 120, ಬಡ್ಡಿ ಶೇ 3 ಎಂದು ಹಾಕಿ. ನಿಲ್ಲಲು 2.4 ಸಾಕು. ಐಎಂಎಫ್ ಕಾರ್ಯಕ್ರಮದಲ್ಲಿ 2019–20ಕ್ಕೆ ಇಟ್ಟ ಗುರಿ ಶೇ 6. ಆಗ ಉಳಿದ 3.6 ನಿಜವಾಗಿ ಸಾಲ ಇಳಿಸುತ್ತದೆ. ಅದೇ ಬೆವರು, ಬೇರೆ ಫಲ. ಹಾಗಾಗಿ ಸಾಲ ಮರುಹೊಂದಾಣಿಕೆ (ಸಾಲ ಕೊಟ್ಟವರ ಜೊತೆ ಕೂತು ಸಾಲದ ಹೊರೆ ಇಳಿಸಿಕೊಳ್ಳುವುದು) ಮೊದಲು, ಬಿಗಿ ಬಜೆಟ್ ಆಮೇಲೆ ಎನ್ನುವ ಕ್ರಮ ನನಗೆ ಸರಿ ಎನಿಸುತ್ತದೆ. ಹತ್ತು ವರ್ಷ ಉಲ್ಟಾ ಮಾಡಿ ನೋಡಿಯಾಗಿತ್ತಲ್ಲ.

2018ರ ಅಕ್ಟೋಬರ್‌ನಲ್ಲಿ ಐಎಂಎಫ್ ಸುಮಾರು 29 ಕೋಟಿ ಡಾಲರ್ ಒಪ್ಪಿತು. ಅದೇ ವರ್ಷ ದೇಶೀಯ ಸಾಲವನ್ನು ಹೊಸ ಬಾಂಡುಗಳಿಗೆ, ಅಂದರೆ ಸರ್ಕಾರದ ಸಾಲದ ಪತ್ರಗಳಿಗೆ, ಬದಲಿಸಿದರು: ಬಡ್ಡಿ ಕಡಿಮೆ, ಅವಧಿ ಉದ್ದ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಷರತ್ತು. ಸಾಲ ಕೊಟ್ಟ ವಿದೇಶಿಯರ ಜೊತೆ ಚೌಕಾಸಿ 2019ರ ಡಿಸೆಂಬರ್‌ವರೆಗೆ ಎಳೆಯಿತು. ಹೊಸ ಬಾಂಡುಗಳಲ್ಲಿ ಒಂದು ಷರತ್ತು ಸೇರಿಸಿದರು. ದೊಡ್ಡ ಚಂಡಮಾರುತ ಹೊಡೆದರೆ ಎರಡು ವರ್ಷದವರೆಗೆ ಕಂತು ಮುಂದೂಡಬಹುದು. 2024ರಲ್ಲಿ ಬೆರಿಲ್ ಬಂದಾಗ ಬಾರ್ಬಡೋಸ್‌ನ ಮೀನುಗಾರಿಕಾ ದೋಣಿಗಳು ನುಚ್ಚುನೂರಾದವು. ಆದರೆ ಇಂಥ ಷರತ್ತನ್ನು ಬಳಸಿಕೊಂಡದ್ದು ಅದಕ್ಕಿಂತ ಜಾಸ್ತಿ ಪೆಟ್ಟು ತಿಂದ ನೆರೆಯ ಗ್ರೆನಡಾ.

ಹಾಗಾದರೆ ಯಾರು ಕಟ್ಟಿದರು?

ಲೆವಿ 2018ರ ಜುಲೈನಲ್ಲಿ ರದ್ದಾಯಿತು, ವಿಶ್ವವಿದ್ಯಾಲಯದ ಶುಲ್ಕವನ್ನು ಮತ್ತೆ ಸರ್ಕಾರ ಹೊತ್ತಿತು. ಚಪ್ಪಾಳೆ ಬಿತ್ತು. ಅದರ ಬದಲು ನೀರಿನ ಬಿಲ್ಲಿನ ಜೊತೆ ದಿನಕ್ಕೆ 1.50 ಬಾರ್ಬಡೋಸ್ ಡಾಲರಿನ ಕಸ–ಚರಂಡಿ ವಂತಿಗೆ ಬಂತು, ಹೋಟೆಲ್ ಕೊಠಡಿ ಮೇಲೆ ಲೆವಿ ಬಂತು, ವಾಹನದ ರಸ್ತೆ ತೆರಿಗೆ ಹೋಗಿ ಇಂಧನದ ತೆರಿಗೆ ಬಂತು. ಹೊಸ ಸರ್ಕಾರವೂ ನೌಕರರನ್ನು ತೆಗೆಯಿತು. ಕಂಪನಿ ತೆರಿಗೆಯಂತೂ 2019ರಿಂದ ಎಲ್ಲರಿಗೂ ಶೇ 5.5ರಿಂದ 1ರವರೆಗೆ ಇಳಿಯಿತು. ವಿದೇಶಿ ಕಂಪನಿಗೊಂದು, ಊರಿನವರಿಗೊಂದು ದರ ಇಡಬೇಡಿ ಎಂಬ ಅಂತರರಾಷ್ಟ್ರೀಯ ಒತ್ತಡಕ್ಕೆ ಅವರು ಕಂಡುಕೊಂಡ ದಾರಿ ಅದು. 2024ರಲ್ಲಿ ಶೇ 9ಕ್ಕೆ ಏರಿಸಿದರು. ವ್ಯಾಟ್ ಮಾತ್ರ 17.5ರಲ್ಲೇ ಉಳಿಯಿತು.

ಸದ್ದಿಲ್ಲದೆ ದೊಡ್ಡ ಹೊಡೆತ ತಿಂದದ್ದು ರಾಷ್ಟ್ರೀಯ ವಿಮಾ ಯೋಜನೆ, ಅಂದರೆ ಜನರ ಪಿಂಚಣಿ ನಿಧಿ. ಅದು ಸರ್ಕಾರದ ಬಾಂಡುಗಳನ್ನು ಹೊಟ್ಟೆ ತುಂಬ ತುಂಬಿಕೊಂಡಿತ್ತು. ಬಡ್ಡಿ ಇಳಿಸಿ ಅವಧಿ ಉದ್ದ ಮಾಡಿದಾಗ ನಷ್ಟ ಅಲ್ಲಿಗೂ ಹರಿಯಿತು. ನಿಧಿ ಸೊರಗಲು ಬೇರೆ ಕಾರಣಗಳೂ ಇದ್ದವು, ಜನಕ್ಕೆ ವಯಸ್ಸಾಗುತ್ತಿದೆ, ದುಡಿಯುವವರು ಕಡಿಮೆ. ಅಂತೂ ಪಿಂಚಣಿ ವಯಸ್ಸು 67ರಿಂದ 2034ರ ಹೊತ್ತಿಗೆ 68ಕ್ಕೆ ಏರುವಂತೆ ನಿಯಮ ಬದಲಾಯಿತು. 2017ರಲ್ಲಿ ಬೀದಿಯಲ್ಲಿ ನಡೆದವರಲ್ಲಿ ಎಷ್ಟೋ ಜನ ಈ ಲೆಕ್ಕದಲ್ಲಿ ಬರುತ್ತಾರೆ. ಅಂಗಡಿಯಲ್ಲಿ ಕಟ್ಟುವ ತೆರಿಗೆಗೆ ಬಿಲ್ಲು ಸಿಗುತ್ತದೆ, ಸಿಟ್ಟು ಬರುತ್ತದೆ. ಮುಂದೆ ಹೋದ ಪಿಂಚಣಿಗೆ ಬಿಲ್ಲು ಇಲ್ಲ.

2022ರ ಜನವರಿಯಲ್ಲಿ ಮಾಟ್ಲಿ ಮತ್ತೆ 30ಕ್ಕೆ 30 ಗೆದ್ದರು. ಆದರೆ ಆ ಸಲ ಮತದಾರರಲ್ಲಿ ಅರ್ಧದಷ್ಟೂ ಜನ ಮತಗಟ್ಟೆಗೆ ಬರಲಿಲ್ಲ. ಕೋವಿಡ್ ಒಂದು ಕಾರಣ. ಅದಷ್ಟೇ ಅಂತ ನನಗೆ ಅನ್ನಿಸುವುದಿಲ್ಲ.

ಕೋವಿಡ್‌ನಲ್ಲಿ ಪ್ರವಾಸೋದ್ಯಮ ಬಿದ್ದು ಮತ್ತೆ ಏರಿದ ಸಾಲ ಆಮೇಲೆ ನಿಧಾನವಾಗಿ ಇಳಿಯಿತು. 2024ರ ಡಿಸೆಂಬರ್‌ನಲ್ಲಿ ದೇಶೀಯ ಸಾಲದ ದುಬಾರಿ ಭಾಗವೊಂದನ್ನು, ಸುಮಾರು 30 ಕೋಟಿ ಅಮೆರಿಕನ್ ಡಾಲರ್, ಅಗ್ಗದ ಸಾಲಕ್ಕೆ ಬದಲಿಸಿಕೊಂಡರು. ಯುರೋಪ್ ಮತ್ತು ಅಮೆರಿಕ ಖಂಡದ ಎರಡು ಅಭಿವೃದ್ಧಿ ಬ್ಯಾಂಕುಗಳು ಜಾಮೀನು ನಿಂತವು. ಉಳಿತಾಯವಾದ ಬಡ್ಡಿ ಹಣ ಹೋಗುವುದು ಮುಖ್ಯವಾಗಿ ಒಂದು ಕಾಮಗಾರಿಗೆ: ದಕ್ಷಿಣ ಕರಾವಳಿಯ ಅದೇ ಕೊಳಚೆ ನೀರಿನ ಘಟಕದ ಸುಧಾರಣೆ.