ಕಾಲುದಾರಿಯ ಹಕ್ಕಿ, ಜೌಗಿನ ಹಕ್ಕಿ

ಫ್ಲಾರಿಡಾದ ಸೇಂಟ್ ಆಗಸ್ಟೀನ್ ಅಲಿಗೇಟರ್ ಫಾರ್ಮ್‌ನಲ್ಲಿ ಬೆಳ್ಳಕ್ಕಿ ಮರಿಗಳ ಚಿತ್ರ ತೆಗೆದು ಬಂದವರೆಲ್ಲ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಜನಸಂದಣಿಯಿಲ್ಲದ ಜೌಗು ಪ್ರದೇಶದ ಗೂಡುಗಳನ್ನೂ ಇಷ್ಟೇ ಹತ್ತಿರದಿಂದ ತೆಗೆಯಬಹುದಲ್ಲವೇ? ಕೂಡದು ಎಂದು ಎಷ್ಟು ಸಲ ಹೇಳಿದರೂ ಸಾಲದು.

1893ರಲ್ಲಿ ಆರಂಭವಾದ ಈ ಉದ್ಯಾನದ ಕೊಳದ ಮೇಲೆ ಹಲಗೆಯ ಕಾಲುದಾರಿಯಿದೆ. ನೀರಿನಲ್ಲಿರುವ ಅಲಿಗೇಟರ್‌ಗಳು, ಅಂದರೆ ಮೊಸಳೆಯ ಹತ್ತಿರದ ಬಂಧುಗಳು, ಸಾಕಿದವು. ಮರದ ಮೇಲಿನವು ಮಾತ್ರ ತಾವಾಗಿಯೇ ಬಂದು ಗೂಡು ಕಟ್ಟುವ ಕಾಡುಹಕ್ಕಿಗಳು. ಮರವೇರಿ ಮೊಟ್ಟೆ ತಿನ್ನುವ ರಕೂನ್‌ಗಳನ್ನು ಅಲಿಗೇಟರ್‌ಗಳು ದೂರವಿಡುತ್ತವೆ. ಪ್ರತಿಯಾಗಿ, ಜಾರಿ ಬಿದ್ದ ಮರಿ ಅವುಗಳ ಪಾಲಾಗುತ್ತದೆ. ದಿನವಿಡೀ ಜನ ಓಡಾಡುವುದರಿಂದ ಇಲ್ಲಿನ ಹಕ್ಕಿಗಳು ಮನುಷ್ಯರಿಗೆ ಒಗ್ಗಿಹೋಗಿವೆ. ಬೆಳ್ಳಕ್ಕಿಯ ಮರಿ ದೊಡ್ಡ ಹಕ್ಕಿಯ ಕೊಕ್ಕನ್ನು ಅಡ್ಡಲಾಗಿ ಕಚ್ಚಿ, ಕೆಳಕ್ಕೆ ಜಗ್ಗಿ, ಮೀನನ್ನು ಕಕ್ಕಿಸಿಕೊಳ್ಳುವ ದೃಶ್ಯವನ್ನು 200 ಮಿ.ಮೀ. ಲೆನ್ಸ್‌ನಲ್ಲಿಯೇ ಸೆರೆಹಿಡಿಯಬಹುದು.

ಈ ಸಲುಗೆ ಆ ಕಾಲುದಾರಿಗೆ ಮಾತ್ರ ಸೇರಿದ್ದು ಎಂಬುದೇ ಜನರ ತಲೆಗೆ ಹೋಗುವುದಿಲ್ಲ. ರಂಗನತಿಟ್ಟಿನಲ್ಲಿ ಮೊಸಳೆಗಳ ನಡುವೆ ದೋಣಿಯಲ್ಲಿ ಕುಳಿತು ಕೊಕ್ಕರೆಗಳನ್ನು ನೋಡಿ ಬಂದ ನಮ್ಮವರಂತೂ ಒಪ್ಪುವುದೇ ಕಷ್ಟ. ಅಲ್ಲಿನ ಹಕ್ಕಿಗಳು ಸಹಿಸುವುದು ತಮಗೆ ಪರಿಚಿತವಾದ ದೋಣಿಯನ್ನು ಎಂಬುದನ್ನು ಅವರು ಮರೆಯುತ್ತಾರೆ. ಜನರನ್ನು ಕಾಣದ ಜೌಗಿನಲ್ಲಿ ಅದೇ ಜಾತಿಯ ಬೆಳ್ಳಕ್ಕಿ ನೀವು ಬಹಳ ದೂರದಲ್ಲಿರುವಾಗಲೇ ಗೂಡು ಬಿಟ್ಟು ಏಳಬಹುದು.

ಎದ್ದರೇನು, ಐದು ನಿಮಿಷದಲ್ಲಿ ಮರಳಿ ಬರುತ್ತದಲ್ಲ ಎನ್ನುತ್ತಾರೆ. ಬರಬಹುದು. ಆದರೆ ಹಕ್ಕಿ ಏಳುವುದನ್ನೇ ಕಾಯುತ್ತಿರುವ ಕಾಗೆಗೆ ಐದು ನಿಮಿಷವೂ ಬೇಕಿಲ್ಲ. ಇನ್ನು ಬಿಸಿಲು: ಪುಕ್ಕ ಬಾರದ ಮರಿಗೆ ಮೈಶಾಖವನ್ನು ಹತೋಟಿಯಲ್ಲಿಡುವ ಶಕ್ತಿ ಇರುವುದಿಲ್ಲ. ಬಿಸಿಲೇರಿದಾಗ ವುಡ್ ಸ್ಟಾರ್ಕ್ ಕೊಕ್ಕರೆ ರೆಕ್ಕೆಗಳನ್ನು ಅರೆಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುತ್ತದೆ, ಗಂಟಲಲ್ಲಿ ತಂದ ನೀರನ್ನು ಅವುಗಳ ಮೈಮೇಲೆ ಸುರಿಯುತ್ತದೆ. ಆ ಹಕ್ಕಿಯನ್ನು ಎಬ್ಬಿಸಿದವರು ಮರಿಗಳ ನೆರಳನ್ನೂ ನೀರನ್ನೂ ಒಟ್ಟಿಗೇ ಕಸಿದಂತಾಯಿತು. ತುಸು ಬೆಳೆದ ಮರಿಗಳು ಬೆದರಿ ಕೊಂಬೆಯಿಂದ ಕೊಂಬೆಗೆ ತಡಬಡಿಸುತ್ತವೆ, ಕೆಳಗೆ ನೀರಿನಲ್ಲಿ ಅಲಿಗೇಟರ್ ಕಾದಿರುತ್ತದೆ. 1984ರಲ್ಲಿ ಅಮೆರಿಕ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದ ಕೊಕ್ಕರೆ ಇದು. 2014ರಲ್ಲಷ್ಟೇ ಅದನ್ನು ಆ ದರ್ಜೆಯಿಂದ ಅಪಾಯ ತುಸು ಕಡಿಮೆಯಿರುವ ದರ್ಜೆಗೆ ಇಳಿಸಲಾಯಿತು.

ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೆ ಎಲ್ಲೆಡೆಗೂ ಹೊಂದುವ ಅಳತೆಯನ್ನು ನಾನು ಹೇಳಲಾರೆ. ನಿಷೇಧದ ಫಲಕವಿದ್ದರೆ ಅದನ್ನು ದಾಟಬಾರದು. ಫಲಕವಿಲ್ಲದ ಕಡೆ ಹಕ್ಕಿಯನ್ನು ಗಮನಿಸಬೇಕು: ಪುಕ್ಕ ತೀಡಿಕೊಳ್ಳುತ್ತಿದ್ದದ್ದು ಅದನ್ನು ನಿಲ್ಲಿಸಿ, ಕತ್ತನ್ನು ನೀಳವಾಗಿ ಎತ್ತಿ ನಿಮ್ಮತ್ತ ನೋಡಿದರೆ ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ ಎಂದೇ ತಿಳಿಯಬೇಕು. ಮೈಸೂರಿನ ನಿವೃತ್ತ ಮೇಷ್ಟರೊಬ್ಬರು ನನ್ನೊಂದಿಗೆ ಬಂದಿದ್ದಾಗ, ನಾನು ಬಾಯಿ ತೆರೆಯುವ ಮೊದಲೇ, "ಅದಕ್ಕೆ ನಾವು ಬಂದದ್ದು ಹಿಡಿಸಲಿಲ್ಲ, ನಡೀರಿ" ಎಂದು ತಾವೇ ಹಿಂದೆ ಸರಿದರು. ಅಂಥವರೊಡನೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ. ಅವರು ದೂರದಿಂದ ತೆಗೆದ ಚಿತ್ರದಲ್ಲಿ ಗೂಡು ಚಿಕ್ಕದಾಗಿದೆ ನಿಜ; ಆದರೆ ಸೈಪ್ರೆಸ್ ಮರ, ಕಪ್ಪು ನೀರು, ಅದರಲ್ಲಿ ಅಲಿಗೇಟರ್‌ನ ಬೆನ್ನು, ಎಲ್ಲವೂ ಇವೆ.

ದೂರದಿಂದ ತೆಗೆಯಲು 600 ಮಿ.ಮೀ. ಲೆನ್ಸ್ ಇದ್ದರೆ ಅನುಕೂಲ. ಬಿಸಿಲೇರಿದ ಮೇಲೆ ಕಾವಿಗೆ ಗಾಳಿ ನಡುಗಿ ಚಿತ್ರ ಮಸುಕಾಗುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣವನ್ನು, ಬಿಳಿ ಪುಕ್ಕಕ್ಕೆ ಹೊಂದಿಸಿರಿ. ಹಿಂದಿನ ನೆರಳು ಕಪ್ಪಾದರೆ ಆಗಲಿ.